ಕುಡುಕ ಇನ್ಸ್‌ಪೆಕ್ಟ್ರು ಸಾಕು, ಸುಳ್ಳು ಮಹಜರ್ ಬರೆಯೋನನ್ನ ಕರ್ಕೊಂಡ್ಬನ್ನಿ

ಹೋದ ಸಂಚಿಕೇಲಿ ಸುಮ್ನೆ ಇರಲಾರ್ದೆ ಒಂದು ಮಾತು ಬರೆದಿದ್ದೆ, ಈಗ ಬರ್ತಿರೋ ಕ್ರೈಮ್ ಥ್ರಿಲ್ಲರುಗಳಲ್ಲಿ ಪೊಲೀಸಪ್ಪ ಒಂದೋ ದೇವ್ರು ಇಲ್ಲಾಂದ್ರೆ ದೆವ್ವ, ಮಧ್ಯದಲ್ಲಿರೋ ಮನುಷ್ಯ ಎಲ್ಲೂ ಕಾಣಲ್ಲ ಅಂತ. ಅಷ್ಟಕ್ಕೇ ಪತ್ರ, ವಾಟ್ಸಾಪ್ ಮೆಸೇಜು ರಾಶಿ ಬಿದ್ದಿದೆ. ಎಲ್ಲದಕ್ಕೂ ಉತ್ತರ ಕೊಡಕ್ಕಾಗಲ್ಲ, ಆರಿಸ್ಕೊಂಡಿದೀನಿ. ಹೊಸಬ್ರಿಗೆ ಹೇಳ್ಬೇಕಂದ್ರೆ ನಾನು ಕೋಲಾರ ಸೀಮೆಯೋನು, 30 ವರ್ಷ ಇಲಾಖೇಲಿದ್ದೆ, ಅದ್ರಲ್ಲಿ ಮುಕ್ಕಾಲು ಪಾಲು ಸ್ಟೇಷನ್ ರೈಟರ್ ಕೆಲ್ಸ. ಅಂದ್ರೆ ಕಳ್ಳನ್ನ ಹಿಡಿದೋನು ನಾನಲ್ಲ, ಹಿಡಿದಿದ್ದನ್ನ ಬರೆದೋನು. ರಿಟೈರ್ ಆದ್ಮೇಲೆ ಕಥೆ ಬರೀತೀನಿ, ನಮ್ಮನೆಯೋಳು ಹೇಳೋ ಪ್ರಕಾರ ಮೊದ್ಲೂ ಅದನ್ನೇ ಮಾಡ್ತಿದ್ದೆ.

ಪ್ರಶ್ನೆ: ಸರ್, ನಾನು ಕೆಜಿಎಫ್ ಹಿನ್ನೆಲೇಲಿ ಒಂದು ಥ್ರಿಲ್ಲರ್ ಬರೀತಿದೀನಿ. ಹೀರೋ ಇನ್ಸ್‌ಪೆಕ್ಟರ್, ಕುಡೀತಾನೆ, ಹೆಂಡ್ತಿ ಬಿಟ್ಟೋಗಿದಾಳೆ, ರಾತ್ರಿ ನಿದ್ದೆ ಬರಲ್ಲ, ಸಿಗರೇಟ್ ಮೇಲೆ ಸಿಗರೇಟ್. ನನ್ ಫ್ರೆಂಡ್ಸ್ ಓದ್ಬಿಟ್ಟು ಇದು ಎಲ್ಲಾ ವೆಬ್ ಸೀರೀಸಲ್ಲೂ ಇರೋನೇ ಅಲ್ವಾ ಅಂತ ನಕ್ಬಿಟ್ರು. ಏನ್ ಮಾಡ್ಲಿ?
– ಬಿ.ಎ. ವಿದ್ಯಾರ್ಥಿನಿ, ಬಂಗಾರಪೇಟೆ

ಉತ್ತರ: ನಿಮ್ಮ ಫ್ರೆಂಡ್ಸ್ ಹೇಳಿದ್ದು ಸರಿಯಾಗಿದೆ ಕಣಮ್ಮ, ಬೇಜಾರ್ ಮಾಡ್ಕೋಬೇಡಿ. ಕುಡಿಯೋದು, ಹೆಂಡ್ತಿ ಬಿಟ್ಟೋಗೋದು, ಇವು ಪೊಲೀಸಪ್ಪಂದೇ ದೋಷಗಳಲ್ಲ, ಬ್ಯಾಂಕ್ ಮ್ಯಾನೇಜರಿಗೂ ಆಗುತ್ತೆ, ಮೇಷ್ಟ್ರಿಗೂ ಆಗುತ್ತೆ. ಓದುಗನಿಗೆ ಅವನ ಮೇಲೆ ಅಯ್ಯೋ ಪಾಪ ಅನ್ನಿಸಬೋದು ಅಷ್ಟೆ, ಭಯ ಆಗಲ್ಲ. ಯಾಕಂದ್ರೆ ಅವನು ಕುಡಿದ್ರೆ ಹಾಳಾಗೋದು ಅವನ ಲಿವರ್ರು. ಅವನ ತಪ್ಪಿಗೆ ಬೇರೆ ಯಾರೋ ಬೆಲೆ ತೆರ್ಬೇಕು, ಅದೂ ಅವನ ಕೆಲಸದೊಳಗೇ ಆ ತಪ್ಪು ಇರ್ಬೇಕು, ಆಗ ಕಥೆಗೆ ಖಾರ ಬರುತ್ತೆ.

ನಾನು ನೋಡಿರೋ ಪ್ರಕಾರ ಆ ತಪ್ಪು ನಡೆಯೋದು ಪೇಪರಲ್ಲಿ. ಸಿನಿಮಾದವ್ರು ಲಾಕಪ್ ತೋರಿಸ್ತಾರೆ, ಬೆಲ್ಟ್ ತೋರಿಸ್ತಾರೆ, ಮಹಜರ್, ಅಂದ್ರೆ ಜಪ್ತಿ ಮಾಡಿದ್ದನ್ನ ಸಾಕ್ಷಿಗಳ ಮುಂದೆ ಬರೆಯೋ ದಾಖಲೆ, ಅದನ್ನ ತೋರಿಸಲ್ಲ, ಬೋರು ಅಂತ. ನಾನು ಹೇಳ್ತೀನಿ ನೋಡಿ ಅದು ಎಷ್ಟು ಬೋರು ಅಂತ. ಪೊಲೀಸರ ಮುಂದೆ ಆರೋಪಿ ಹೌದು ನಾನೇ ಕೊಂದೆ ಅಂತ ಹತ್ತು ಸಲ ಹೇಳಿದ್ರೂ ಕೋರ್ಟಲ್ಲಿ ಅದು ನಡೆಯಲ್ಲ. ಹಳೇ ಎವಿಡೆನ್ಸ್ ಆಕ್ಟಲ್ಲಿ 25ನೇ ಸೆಕ್ಷನ್ನು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23, ನಂಬರ್ ಬದಲಾಯ್ತು ಮಾತು ಅದೇ. ಆದ್ರೆ ಒಂದು ಕಿಂಡಿ ಇದೆ, ಹಳೇ 27. ಆರೋಪಿ ಹೇಳಿದ ಮಾತಿಂದ ಒಂದು ವಸ್ತು ಸಿಕ್ತು ಅಂದ್ರೆ, ಮಚ್ಚೋ, ಮಾಂಗಲ್ಯ ಸರಾನೋ, ರಕ್ತದ ಶರ್ಟೋ, ಅದು ಸಿಗಕ್ಕೆ ಕಾರಣ ಆದ ಅಷ್ಟು ಮಾತು ಮಾತ್ರ ಸಾಕ್ಷ್ಯ ಆಗುತ್ತೆ. ಅದಕ್ಕೇ ಎಲ್ಲಾ ಠಾಣೆಗಳ ಸ್ವಇಚ್ಛಾ ಹೇಳಿಕೇಲೂ ಕೊನೆಗೆ ಒಂದೇ ಸಾಲು ಇರುತ್ತೆ, 'ನನ್ನನ್ನು ಕರೆದುಕೊಂಡು ಹೋದಲ್ಲಿ ಕೃತ್ಯಕ್ಕೆ ಬಳಸಿದ ಮಚ್ಚನ್ನು ಬಚ್ಚಿಟ್ಟಿರುವ ಸ್ಥಳವನ್ನು ತೋರಿಸಿಕೊಡುತ್ತೇನೆ'. ಓದು ಬರ್ದೇ ಇರೋ ಕೂಲಿಯೋನೂ ಹಾಗೇ ಮಾತಾಡ್ತಾನೆ, ಇಂಜಿನಿಯರಿಂಗ್ ಓದಿದೋನೂ ಹಾಗೇ ಮಾತಾಡ್ತಾನೆ, ಯಾಕಂದ್ರೆ ಮಾತಾಡ್ತಿರೋನು ರೈಟರ್ರು.

ಈಗ ನಿಮ್ಮ ಇನ್ಸ್‌ಪೆಕ್ಟರನ್ನ ಅಲ್ಲಿ ನಿಲ್ಲಿಸಿ. ಅವನಿಗೆ ಕೊಲೆಗಾರ ಯಾರು ಅಂತ ಗೊತ್ತು, ನೂರಕ್ಕೆ ನೂರು ಗೊತ್ತು, ಆದ್ರೆ ಮಚ್ಚು ಸಿಕ್ಕಿಲ್ಲ. ಯಾವ್ದೋ ಕೆರೆಗೆ ಹೋಗಿದೆ. ಈಗ ಅವನೇನ್ ಮಾಡ್ತಾನೆ? ಒಂದು ಮಚ್ಚು ತರಿಸ್ತಾನಾ? ಮಹಜರಿಗೆ ಸಾಕ್ಷಿ ಸೈನ್ ಹಾಕಕ್ಕೆ ಪಂಚರು ಅಂತ ಇಬ್ಬರು ಬೇಕು, ಸ್ಟೇಷನ್ ಎದ್ರಿಗಿರೋ ಟೀ ಅಂಗ್ಡಿಯೋನು ಬರ್ತಾನೆ, ಅವನು ಆಗ್ಲೇ ಎಂಟು ಕೇಸಿಗೆ ಪಂಚ. ಕೈಲಿ ಹಾಲಿನ ಪಾತ್ರೆ ಮಸಿ, ಒರೆಸ್ಕೊಂಡು, ಎಲ್ಲಿ ಸಾರ್ ಸೈನು ಅಂತಾನೆ, ಹೋಗದೇ ಇರೋ ಕೆರೆ ಕಟ್ಟೆ ಮೇಲೆ ನಿಂತಂಗೆ ಸೈನ್ ಹಾಕ್ತಾನೆ, ಬೆರಳಿನ ಮಸಿ ಗುರುತು ಹಾಳೆ ಅಂಚಲ್ಲಿ ಉಳ್ಕೊಳುತ್ತೆ. ಎರಡು ವರ್ಷ ಆದ್ಮೇಲೆ ಕೋರ್ಟಲ್ಲಿ ಡಿಫೆನ್ಸ್ ವಕೀಲ್ರು ಕೇಳ್ತಾರೆ, ಆ ಕೆರೆ ಕೋಡಿ ಯಾವ ದಿಕ್ಕಿಗಿದೆ ಹೇಳಪ್ಪಾ ಅಂತ. ಅವನು ನಿಮ್ಮ ಇನ್ಸ್‌ಪೆಕ್ಟರ್ ಮುಖ ನೋಡ್ತಾನೆ. ಅಷ್ಟೇ ಸೀನು. ಅಲ್ಲಿ ಕೇಸು ಬಿತ್ತು, ನಿಜವಾದ ಕೊಲೆಗಾರ ಎದ್ದು ಹೊರಗೆ ಹೋದ, ಸತ್ತೋನ ತಾಯಿ ಕೋರ್ಟ್ ಹಾಲಲ್ಲೇ ಕೂತಿದಾಳೆ.

ಇನ್ನೊಂದು ವಿಷ್ಯ, ನಿಮ್ಮ ಕಥೆ ಈಗಿನ ಕಾಲದ್ದಾದ್ರೆ 2024ರ ಜುಲೈ 1ರಿಂದ ಹುಡುಕೋದು ಜಪ್ತಿ ಮಾಡೋದು ಎಲ್ಲಾ ವಿಡಿಯೋ ಮಾಡ್ಲೇಬೇಕು, ಮೊಬೈಲಲ್ಲಿ ಮಾಡಿದ್ರೂ ಆಗುತ್ತೆ, ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 105. ಟೀ ಅಂಗ್ಡಿಯೋನ ಕಾಲ ಮುಗೀತು ಅನ್ಕೋಬೇಡಿ. ಬಚ್ಚಿಟ್ಟೋನೂ ನೀವೇ, ಹುಡುಕೋನೂ ನೀವೇ ಆದ್ರೆ ವಿಡಿಯೋ ಚೆನ್ನಾಗೇ ಬರುತ್ತೆ. ಕಥೆಗೆ ಹೇಳ್ತಿದೀನಿ, ಯಾರೂ ಪ್ರಯೋಗ ಮಾಡಕ್ಕೋಗ್ಬೇಡಿ.

ಪ್ರಶ್ನೆ: ಒಬ್ಬ ಇನ್ಸ್‌ಪೆಕ್ಟರ್ ಒಂಟಿಯಾಗಿ ಕೊಲೆ ಕೇಸ್ ಪತ್ತೆ ಮಾಡಕ್ಕಾಗುತ್ತಾ?
– ಓದುಗ, ಮುಳಬಾಗಿಲು

ಉತ್ತರ: ಆಗಲ್ಲ. ಕೇಸಿನ ತನಿಖಾಧಿಕಾರಿ ಅಂತ ಅವನ ಹೆಸರಿರುತ್ತೆ, ಓಡಾಡೋದು ಕ್ರೈಮ್ ಸ್ಟಾಫು, ಮಫ್ತೀಲಿ ಇಬ್ಬರು ಮೂವರು ಹೆಡ್ ಕಾನ್‌ಸ್ಟೇಬಲ್ ಪಿಸಿಗಳು (ಅಂದ್ರೆ ಕಾನ್‌ಸ್ಟೇಬಲ್ಲುಗಳು), ಅವ್ರ ಬೈಕು, ಎಷ್ಟೋ ಸಲ ಅವ್ರದೇ ಪೆಟ್ರೋಲು. ಯಾವ ಊರಲ್ಲಿ ಯಾವ ಹುಡುಗನ ಹತ್ರ ಇದ್ದಕ್ಕಿದ್ದಂಗೆ ದುಡ್ಡು ಓಡಾಡ್ತಿದೆ ಅಂತ ಗೊತ್ತಿರೋದು ಬೀಟ್ ಪಿಸಿಗೆ, ಸಾಹೇಬ್ರಿಗಲ್ಲ. ಥ್ರಿಲ್ ಬೇಕು ಅಂದ್ರೆ ಬಾಂಬಿಗೆ ಟೈಮರ್ ಕಟ್ಟಬೇಡಿ, ಕೊಲೆ ಕೇಸಲ್ಲಿ ಆರೋಪಿ ಜೈಲಲ್ಲಿದ್ರೆ 90 ದಿನದೊಳಗೆ ಚಾರ್ಜ್‌ಶೀಟ್ ಹೋಗ್ಬೇಕು, ಇಲ್ಲಾಂದ್ರೆ ಬೇಲ್ ಅವನ ಹಕ್ಕು. ಎಫ್‌ಎಸ್‌ಎಲ್ ಅಂದ್ರೆ ಫೊರೆನ್ಸಿಕ್ ಲ್ಯಾಬ್ ರಿಪೋರ್ಟ್ ಬೆಂಗ್ಳೂರಿಂದ ಬಂದಿಲ್ಲ, 84ನೇ ದಿನ ಆಗಿದೆ, ಸಾಹೇಬ್ರು ಜಾತ್ರೆ ಬಂದೋಬಸ್ತಲ್ಲಿ ಅವ್ರೆ. ನನಗಂತೂ ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಕೈ ಬೆವರುತ್ತೆ.

ಪ್ರಶ್ನೆ: ನಾವು ಹುಟ್ಟಿ ಬೆಳೆದಿದ್ದೇ ಕೆಜಿಎಫಲ್ಲಿ. ಸಿನಿಮಾ ಬಂದ್ಮೇಲೆ ನಮ್ಮೂರು ಅಂದ್ರೆ ಬರೀ ಗನ್ನು, ರೌಡಿ, ಬೆಂಕಿ ಅನ್ಕೊಂಡಿದಾರೆ. ನೀವಾದ್ರೂ ಸರಿಯಾಗಿ ಹೇಳಿ.
– ಮೈನ್ಸ್ ಕೆಲಸಗಾರರ ಮಗ, ರಾಬರ್ಟ್‌ಸನ್‌ಪೇಟೆ

ಉತ್ತರ: ಅಣ್ಣಾ, ನಿಮ್ಮೂರಲ್ಲಿ ಒಂದು ರಾತ್ರಿ ಡ್ಯೂಟಿ ಮಾಡಿರೋರಿಗೆ ಗೊತ್ತು, ಅಲ್ಲಿ ಇರೋದು ಗದ್ದಲ ಅಲ್ಲ, ನಿಶ್ಶಬ್ದ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಕಂಪನಿ ಬಿಜಿಎಂಎಲ್ ಬಾಗ್ಲು ಹಾಕ್ತು. ಚಾಂಪಿಯನ್ ರೀಫ್ಸ್ ಗಣೀಲಿ ಭೂಮಿ ಒಳಗೆ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಜನ, 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು, ಬೆಂಗ್ಳೂರಲ್ಲಿ ಬೀದಿ ದೀಪ ಹತ್ತೋದಕ್ಕೂ ಮುಂಚೆ! ಈಗ ಅದೇ ಮನೆಗಳ ಹುಡುಗ್ರು ಹೊತ್ತು ಹುಟ್ಟೋಕ್ಮುಂಚೆ ಎದ್ದು ಮಾರಿಕುಪ್ಪಂ ರೈಲು ಹತ್ತಿ ಬೆಂಗ್ಳೂರಿಗೆ ಕೆಲ್ಸಕ್ಕೆ ಹೋಗ್ತಾರೆ, ರಾತ್ರಿ ವಾಪಸ್ಸು. ಗಾಳಿ ಬೀಸಿದ್ರೆ ಸೈನೈಡ್ ಗುಡ್ಡದ, ಅಂದ್ರೆ ಚಿನ್ನ ತೆಗೆದ್ಮೇಲೆ ಉಳಿದ ಮಣ್ಣಿನ ರಾಶಿಯ, ಧೂಳು ಒಣಗಾಕಿರೋ ಬಟ್ಟೆ ಮೇಲೆ ಕೂರುತ್ತೆ. ಹೊರಗಿನ ಲೇಖಕ್ರಿಗೆ ಇನ್ನೊಂದೂ ಗೊತ್ತಿರಲ್ಲ, ಕೋಲಾರ ಒಂದೇ ಜಿಲ್ಲೆ ಆದ್ರೂ ಕೆಜಿಎಫ್‌ಗೆ ಎಸ್ಪಿ ಬೇರೆ, ಅದೊಂದು ಪ್ರತ್ಯೇಕ ಪೊಲೀಸ್ ಜಿಲ್ಲೆ. ಕಾದಂಬರೀಲಿ ಕೋಲಾರ ಎಸ್ಪಿ ಬಂದು ಆಂಡರ್ಸನ್‌ಪೇಟೆ ಠಾಣೇಲಿ ಕೂಗಾಡಿದ್ರೆ ನಮ್ಮವ್ರು ಪುಸ್ತಕ ಅಲ್ಲೇ ಮುಚ್ತಾರೆ.

ಇಲ್ಲಿನ ಪೊಲೀಸ್ ಕಥೆಗೆ ಗನ್ನಿಗಿಂತ ಭಾಷೆ ಮುಖ್ಯ ಅಂತ ನನ್ನ ಅಭಿಪ್ರಾಯ. ಕೆಜಿಎಫಲ್ಲಿ ತಮಿಳು, ಮುಳಬಾಗಿಲು ಶ್ರೀನಿವಾಸಪುರ ಕಡೆ ತೆಲುಗು, ಠಾಣೇಲಿ ಕನ್ನಡ. ಸಾಕ್ಷಿ ಹೇಳೋದು ತಮಿಳಲ್ಲಿ, ನಾನು ಬರೆಯೋದು ಕನ್ನಡದಲ್ಲಿ, ಅದು ಹೈಕೋರ್ಟಿಗೆ ಹೋಗೋ ಹೊತ್ತಿಗೆ ಇಂಗ್ಲಿಷಲ್ಲಿ. ಒಂದ್ಸಲ ಒಬ್ಬ ಅಜ್ಜಿ 'ಅವನ್ ಅಡಿಚ್ಚಾನ್' ಅಂದ್ಲು. ಹೊಡೆದ ಅಂತ. ಕೈಯಿಂದಾನಾ ದೊಣ್ಣೆಯಿಂದಾನಾ ಅಂತ ಅವ್ಳು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ, ಹೊತ್ತಾಗಿತ್ತು, 'ದೊಣ್ಣೆಯಿಂದ ಬಲವಾಗಿ ಹೊಡೆದನು' ಅಂತ ಪೆನ್ನು ತಾನೇ ಬರ್ಕೊಂಡು ಹೋಯ್ತು, ರೂಢಿ ಹಂಗಿತ್ತು. ಒಂದು ದೊಣ್ಣೆ ಸೇರಿದ್ರೆ ಸೆಕ್ಷನ್ನೇ ಬದಲಾಗುತ್ತೆ. ಆಮೇಲೆ ದೊಣ್ಣೆ ಬೇರೆ ಹುಡುಕ್ಬೇಕಲ್ಲ!

ಪ್ರಶ್ನೆ: ನಮ್ಮ ಕಡೆ ಕ್ರೈಮ್ ಅಂದ್ರೆ ಟೊಮೇಟೊ ಕದಿಯೋದು ಅಷ್ಟೆ. ಇದ್ರಲ್ಲಿ ಥ್ರಿಲ್ಲರ್ ಆಗುತ್ತಾ? (ತಮಾಷೆಗೆ ಕೇಳ್ತಿಲ್ಲ)
– ರೈತ, ವಡ್ಡಹಳ್ಳಿ

ಉತ್ತರ: ನಾನೂ ತಮಾಷೆಗೆ ಹೇಳ್ತಿಲ್ಲ, ಆಗುತ್ತೆ. 2023ರ ಜುಲೈ ನೆನಪಿದೆಯಲ್ಲ, ಕೋಲಾರ ಎಪಿಎಂಸೀಲಿ 15 ಕೆಜಿ ಬಾಕ್ಸು 2 ಸಾವಿರ ದಾಟಿದ್ದು, ರಾತ್ರಿ ತೋಟದಲ್ಲಿ ಟಾರ್ಚ್ ಹಿಡ್ಕೊಂಡು ಕಾವಲು ಕಾದಿದ್ದು. ಮುಂಚೆ ರಸ್ತೆಗೆ ಸುರಿದಿದ್ದ ಹಣ್ಣಿಗೆ ಆ ವರ್ಷ ಪೊಲೀಸ್ ಬೀಟು. ನಿಮ್ಮ ಕಥೇಲಿ ಆ ಬೀಟಿಗೆ ಹಾಕಿರೋ ಪಿಸಿ ಮನೇಲೂ ಒಂದೆಕ್ರೆ ಟೊಮೇಟೊ ಇದೆ ಅನ್ಕೊಳ್ಳಿ, ಸಾಲ ಇದೆ, ಅವನು ಇಡೀ ರಾತ್ರಿ ಬೇರೆಯೋರ ತೋಟ ಕಾಯ್ತಾನೆ, ಬೆಳಗ್ಗೆ ಹೋಗಿ ನೋಡಿದ್ರೆ ಅವನ ತೋಟ ಬರಿದು. ಈಗ ಅವನ ಕೈಗೆ ಒಬ್ಬ ಹುಡುಗ ಸಿಗ್ತಾನೆ, ಕದ್ದೋನೋ ಅಲ್ವೋ ಗೊತ್ತಿಲ್ಲ. ಮುಂದಿಂದು ನೀವೇ ಬರೀರಿ. ನಂಗಲಿ ದಾಟಿದ್ರೆ ಆಂಧ್ರ, ಲಾರಿ ಅತ್ಲಾಗೆ ಹೋಯ್ತು ಅಂದ್ರೆ 'ನಮ್ಮ ಲಿಮಿಟ್ಸ್ ಅಲ್ಲ' ಅನ್ನೋ ಮಂತ್ರ ಶುರು, ಅದ್ರ ಬಗ್ಗೆ ಕೆಳಗಡೆ ಬರೆದಿದೀನಿ.

ಪ್ರಶ್ನೆ: ಎಲ್ಲಾ ಕಥೆಲೂ ಪೊಲೀಸರು ಲಂಚಕೋರರು, ಕಟುಕರು. ನಮ್ಮೆಜಮಾನ್ರು ಹೆಡ್ ಕಾನ್‌ಸ್ಟೇಬಲ್. ಮಗಳ ಹುಟ್ಟಿದ ಹಬ್ಬಕ್ಕೆ ಐದು ವರ್ಷದಲ್ಲಿ ಒಂದ್ಸಲನೂ ಮನೇಲಿರ್ಲಿಲ್ಲ. ಅದನ್ನ ಯಾರೂ ಬರೆಯಲ್ಲ ಯಾಕೆ?
– ಪೊಲೀಸಪ್ಪನ ಹೆಂಡ್ತಿ, ಮಾಲೂರು

ಉತ್ತರ: ತಾಯಿ, ಬರೀಬೇಕು. ನಿಮ್ಮ ಪತ್ರಾನ ನಮ್ಮನೆಯೋಳಿಗೆ ಓದಿ ಹೇಳ್ದೆ, ಅವ್ಳು ಏನೂ ಮಾತಾಡ್ದೆ ಒಳಗೆ ಹೋದ್ಲು. ಆವನಿ ಜಾತ್ರೆಗೆ ಬಂದೋಬಸ್ತ್ ಅಂದ್ರೆ ದನಗಳ ಮಧ್ಯೆ, ಧೂಳಲ್ಲಿ, ಹಗಲೂ ರಾತ್ರಿ ನಿಂತಿರೋದು, ಆ ಸ್ಲೌಚ್ ಟೋಪಿ ಒಂದು ಕಡೆ ಮಡಚ್ಕೊಂಡು ಜಾರ್ತಾ ಇರ್ತಿತ್ತು, ಲಾಠಿ ಹಿಡೀಬೇಕೋ ಟೋಪಿ ಹಿಡೀಬೇಕೋ. 2025ರಲ್ಲಿ ಕೊನೆಗೂ ಅದನ್ನ ತೆಗೆದು ಪೀಕ್ ಕ್ಯಾಪ್ ಕೊಟ್ರು, ನನ್ನ ತಲೆ ಕೂದಲು ಹೋದ್ಮೇಲೆ. ಅಲ್ಲಿಂದ ಬಂದು ಶೂ ಬಿಚ್ಚೋಕ್ಮುಂಚೆ ಕೋರ್ಟ್ ಸಮನ್ಸು, ಅದು ಮುಗಿದ್ರೆ ರಾತ್ರಿ ಗಸ್ತು.

ಆದ್ರೆ ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಆ ಸುಸ್ತು ನಿಜ, ಆ ಸುಸ್ತಲ್ಲೇ ತಪ್ಪು ನಡೆಯೋದೂ ನಿಜ. ಎರಡು ರಾತ್ರಿ ನಿದ್ದೆ ಇಲ್ದೇ ಇರೋನ ಮುಂದೆ ಒಬ್ಬ ಬಡವ ಬಂದು ಕಂಪ್ಲೇಂಟ್ ಅಂತ ನಿಂತ್ರೆ ಅವನ ಕಣ್ಣಿಗೆ ಅದು ಇನ್ನೂ ನಾಲ್ಕು ಗಂಟೆ ಬರೆಯೋ ಕೆಲ್ಸ, ಮನುಷ್ಯ ಕಾಣಲ್ಲ. ನಿಮ್ಮೆಜಮಾನ್ರನ್ನ ಅಂತಿಲ್ಲ. ನನ್ನನ್ನ ಅಂತಿದೀನಿ.

ಪ್ರಶ್ನೆ: ವಿಚಾರಣೆ ಸೀನ್, ಅದೇ 'ಟ್ರೀಟ್‌ಮೆಂಟ್' ಸೀನ್, ಎಷ್ಟು ರಿಯಲ್ ಆಗಿ ಬರೀಬೋದು? ಎನ್‌ಕೌಂಟರ್ ಇಟ್ರೆ ಓದುಗ್ರು ಶಿಳ್ಳೆ ಹೊಡೀತಾರೆ.
– ಹವ್ಯಾಸಿ ಲೇಖಕ, ಚಿಂತಾಮಣಿ

ಉತ್ತರ: ಶಿಳ್ಳೆ ಹೊಡೆಸ್ಕೋಬೇಕಂದ್ರೆ ಬರೀರಿ, ನನ್ನನ್ನ ಯಾಕೆ ಕೇಳ್ತೀರಾ. ಎನ್‌ಕೌಂಟರ್ ಇಟ್ಟು ಕಥೆ ಮುಗಿಸೋದು ನನ್ನ ದೃಷ್ಟೀಲಿ ಸೋಮಾರಿತನ, ಲೇಖಕನಿಗೂ ಅಷ್ಟೇ ಪೊಲೀಸಪ್ಪನಿಗೂ ಅಷ್ಟೇ. 2014ರಲ್ಲಿ ಸುಪ್ರೀಂ ಕೋರ್ಟು ಪಿಯುಸಿಎಲ್ ಕೇಸಲ್ಲಿ ಹೇಳಿದ್ಮೇಲೆ ಪ್ರತಿ ಎನ್‌ಕೌಂಟರ್ ಸಾವಿಗೂ ಎಫ್‌ಐಆರ್ ಆಗ್ಬೇಕು, ಬೇರೆ ಠಾಣೆ ಅಥ್ವಾ ಸಿಐಡಿ ತನಿಖೆ ಮಾಡ್ಬೇಕು, ಮ್ಯಾಜಿಸ್ಟೀರಿಯಲ್ ವಿಚಾರಣೆ ಆಗ್ಬೇಕು. ಗುಂಡು ಹಾರಿದ ಮರುದಿನದಿಂದ ಕಥೆ ಶುರು ಮಾಡಿ ನೋಡಿ, ಆಗ ಮಜಾ ಇದೆ.

ಹೊಡೆಯೋ ಸೀನಿಗೆ ನನ್ನ ಸಲಹೆ ಏನಂದ್ರೆ ಬಾಗ್ಲು ಮುಚ್ಚಿ. ಒಳಗಡೆ ತೋರಿಸ್ಬೇಡಿ. ಹೊರಗೆ ಹೊಂಗೆ ಮರದ ಕೆಳಗೆ ಆ ಹುಡುಗನ ಅಪ್ಪ ಟಿಫಿನ್ ಕ್ಯಾರಿಯರ್ ಇಟ್ಕೊಂಡು ಕೂತಿರ್ತಾನೆ, ಪ್ರತಿ ಸಲ ಬಾಗ್ಲು ತೆರೆದಾಗ ಎದ್ದು ನಿಲ್ತಾನೆ, ಹೊರಗೆ ಬಂದಿದ್ದು ಪೇಪರ್ ಹುಡುಗ, ಮತ್ತೆ ಕೂರ್ತಾನೆ. ಸೆಂಟ್ರಿ ಪಿಸಿಗೆ ಅವನನ್ನ ನೋಡಕ್ಕಾಗ್ದೆ ರೈಫಲ್ ಸ್ಲಿಂಗ್ ಸರಿ ಮಾಡ್ಕೊಳ್ತಾ ಇರ್ತಾನೆ. ಕಾನೂನು ಕಡೆಯಿಂದ ನೋಡಿದ್ರೆ ಹಿಡಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸ್ಬೇಕು, ಅದು ಸಂವಿಧಾನದ 22ನೇ ವಿಧೀಲೇ ಇದೆ. 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಅರೆಸ್ಟ್ ಮೆಮೊ ಬರೀಬೇಕು, ಮನೆಯೋರಿಗೆ ತಿಳಿಸ್ಬೇಕು, ಮೆಡಿಕಲ್ ಮಾಡಿಸ್ಬೇಕು. 2020ರಿಂದ ಠಾಣೆ ಪೂರ್ತಿ ಸಿಸಿಟಿವಿ ಹಾಕ್ಬೇಕು ಅಂತ ಸುಪ್ರೀಂ ಕೋರ್ಟ್ ಆದೇಶ. ಹಾಗಿದ್ರೆ ತಪ್ಪು ಎಲ್ಲಿ ನುಸುಳುತ್ತೆ? ಆ 24 ಗಂಟೆ ಯಾವಾಗಿಂದ ಶುರು ಅಂತ ಬರೆಯೋನು ಯಾರು ಹೇಳಿ. ಸೋಮವಾರ ಸಂಜೆ ಮನೆಯಿಂದ ಕರ್ಕೊಂಡು ಬಂದೋನನ್ನ 'ಬುಧವಾರ ಬೆಳಿಗ್ಗೆ ಬಸ್ ನಿಲ್ದಾಣದ ಬಳಿ ಅನುಮಾನಾಸ್ಪದವಾಗಿ ನಿಂತಿದ್ದವನನ್ನು ಹಿಡಿದು' ಅಂತ ಬರೆದ್ರೆ ಆ ಒಂದೂವರೆ ದಿನ ಪೇಪರಿಂದಲೇ ಮಾಯ. ಹೊಂಗೆ ಮರದ ಕೆಳಗಿದ್ದ ಅಪ್ಪನಿಗೆ ಮಾತ್ರ ಗೊತ್ತು.

ಪ್ರಶ್ನೆ: ಹೆಣ್ಣು ಪಿಎಸ್‌ಐ ಹೀರೋಯಿನ್ ಮಾಡಿದ್ರೆ ಅವ್ಳು ತಪ್ಪು ಮಾಡ್ಬೋದಾ? ಎಡಿಟರ್ ಬೇಡ ಅಂತಾರೆ.
– ಲೇಖಕಿ, ಚಿಕ್ಕಬಳ್ಳಾಪುರ

ಉತ್ತರ: ಮಾಡ್ಲಿ, ಧಾರಾಳವಾಗಿ ಮಾಡ್ಲಿ. ಗಂಡಸರಿಗೆ ಮಾತ್ರ ತಪ್ಪು ಮಾಡೋ ಹಕ್ಕು ಯಾಕೆ. ನಿಮ್ಮ ಕಡೆ ಕಲ್ಲು ಕ್ವಾರಿಗಳಿವೆಯಲ್ಲ, ಅಲ್ಲಿ ಕೂಲಿಯೋನೊಬ್ಬ ಸತ್ತು ಅದು ಆಕ್ಸಿಡೆಂಟ್ ಅಂತ ಯುಡಿಆರ್ (ಅಸಹಜ ಸಾವಿನ ವರದಿ) ಮಾಡು ಅಂತ ಮೇಲಿಂದ ಫೋನ್ ಬಂದಾಗ, ಪ್ರೊಬೇಷನ್ನಲ್ಲಿರೋ ಹುಡುಗಿ ಸರಿ ಸರ್ ಅಂತಾಳೆ. ಮೊದಲ್ನೇ ಸರಿ ಸರ್. ಎಡಿಟ್ರಿಗೆ ನನ್ನ ನಂಬರ್ ಕೊಡಿ.

ಪ್ರಶ್ನೆ: ಕೊಲೆ ಕೇಸ್ ಅಂದ್ರೆ 302 ಅಂತಾನೇ ಬರೀಬೋದಾ ಈಗ್ಲೂ?
– ಓದುಗ, ತುಮಕೂರು

ಉತ್ತರ: ಕೊಲೆ ನಡೆದಿದ್ದು 2024ರ ಜುಲೈ 1ಕ್ಕೆ ಮುಂಚೆ ಆದ್ರೆ ಐಪಿಸಿ 302, ಆಮೇಲೆ ಆದ್ರೆ ಅದ್ರ ಜಾಗಕ್ಕೆ ಬಂದ ಬಿಎನ್‌ಎಸ್ 103. ಮಾತಲ್ಲಿ ಮಾತ್ರ ಹಳಬರೆಲ್ಲ ಇನ್ನೂ 'ತ್ರೀನಾಟ್ಟೂ' ಅಂತಾನೇ ಅಂತಾರೆ, ಹಾಗೇ ಬರೀರಿ. ಮೋಸಗಾರನ್ನ 420 ಅನ್ನೋದನ್ನ ಯಾವ ಕಾನೂನೂ ಬಿಡಿಸಕ್ಕಾಗಲ್ಲ, ಈಗ ಅದು 318 ಆಗಿದೆ, 'ಅವನೊಬ್ಬ 318' ಅಂದ್ರೆ ಯಾರಿಗೆ ಅರ್ಥ ಆಗುತ್ತೆ.

ಪ್ರಶ್ನೆ: ಬೇರೆಯೋರ ತಪ್ಪೆಲ್ಲ ಚೆನ್ನಾಗಿ ಹೇಳ್ತೀರ. ನೀವೇ ಸುಳ್ಳು ಬರೆದಿದೀರಾ? ನೇರವಾಗಿ ಹೇಳಿ.
– ಹೆಸರು ಬೇಡ, ಊರೂ ಬೇಡ

ಉತ್ತರ: ಬರೆದಿದೀನಿ. ದೊಣ್ಣೆ ವಿಷ್ಯ ಮೇಲೇ ಹೇಳಿದೀನಲ್ಲ. ನೀವು ಕೇಳ್ತಿರೋದು ಅದಕ್ಕಿಂತ ದೊಡ್ಡದು ಅನ್ಸುತ್ತೆ, ಅದೂ ಇದೆ.

ಠಾಣೆ ಹೆಸರು ಹೇಳಲ್ಲ, ವರ್ಷಾನೂ ಬೇಡ. ಕಾಗ್ನಿಜಬಲ್, ಅಂದ್ರೆ ಪೊಲೀಸರು ವಾರಂಟ್ ಇಲ್ದೇ ಹಿಡೀಬೋದಾದ ಅಪರಾಧ ಅಂತ ಕಂಡ್ರೆ ಎಫ್‌ಐಆರ್ ಮಾಡ್ಲೇಬೇಕು ಅಂತ ಸುಪ್ರೀಂ ಕೋರ್ಟು ಲಲಿತಾ ಕುಮಾರಿ ಕೇಸಲ್ಲಿ ಹೇಳಿದ್ದು 2013ರಲ್ಲಿ, ಅದಕ್ಕೂ ಹಿಂದಿನ ಮಾತಿದು. ಒಂದು ಬೆಳಗ್ಗೆ ಒಬ್ಬ ಹೆಂಗ್ಸು ಬಂದ್ಲು, ಮಂಡಿ ಹತ್ರ ಲೋಡಿಂಗ್ ಕೆಲ್ಸಕ್ಕೆ ಹೋಗ್ತಿದ್ದ ಗಂಡ ಎರಡು ದಿನದಿಂದ ಮನೆಗೆ ಬಂದಿಲ್ಲ, ಯಾರೋ ದುಡ್ಡಿನ ವಿಷ್ಯಕ್ಕೆ ಕರ್ಕೊಂಡೋದ್ರು ಅಂತ. ತೆಲುಗಲ್ಲಿ ಹೇಳಿದ್ಲು. ನಾನು ಮಾರನೇ ದಿನ ಕೋರ್ಟಿಗೆ ಕೊಡ್ಬೇಕಾಗಿದ್ದ ಸಿಡಿ (ಕೇಸ್ ಡೈರಿ) ಫೈಲ್ ಕಟ್ತಾ ಇದ್ದೆ, ಟ್ಯಾಗ್ ಸಿಕ್ತಿರ್ಲಿಲ್ಲ. ತಲೆ ಎತ್ತದೇ ಕೇಳ್ದೆ, ಯಾವೂರಮ್ಮ ಅಂತ. ಊರು ಹೇಳಿದ್ಲು. ಅದು ನಮ್ಮ ಲಿಮಿಟ್ಸ್ ಅಲ್ಲ, ಮುಂದಿನ ಸ್ಟೇಷನ್ನಿಗೆ ಹೋಗು ಅಂದೆ. ಊರು ಅವ್ರದ್ದು ನಿಜ, ಆದ್ರೆ ಗಂಡ ಕಾಣೆಯಾದ ಮಂಡಿ ನಮ್ಮದೇ ಲಿಮಿಟ್ಸು. ನನಗದು ಗೊತ್ತಿತ್ತು. ಅವ್ಳು ಅಲ್ಲಿಗೆ ಹೋದ್ಲು, ಅವ್ರು ನಮ್ಮ ಹತ್ರ ಕಳಿಸಿದ್ರು, ಸಾಯಂಕಾಲ ಮತ್ತೆ ಬಂದ್ಲು, ಆಗ ನಾನಿರ್ಲಿಲ್ಲ, ಇದ್ದೋರು ಇನ್ನೆರಡು ದಿನ ನೋಡಮ್ಮ, ಕುಡಿದು ಎಲ್ಲೋ ಬಿದ್ದಿರ್ತಾನೆ ಅಂದ್ರು.

ಅವ್ಳು ಬಂದೋದ ಮೂರು ದಿನಕ್ಕೆ ಪಾಳು ಬಾವೀಲಿ ಗಂಡನ ಹೆಣ ಸಿಕ್ತು. ಈಗ ಎಲ್ರಿಗೂ ಕಾಲು ಬಂತು. ಜೀಪ್ ಹೋಯ್ತು, ಸಾಹೇಬ್ರು ಬಂದ್ರು, ಕಂಪ್ಲೇಂಟ್ ಬರ್ಕೊಳ್ಳಪ್ಪ ಅಂದ್ರು. ಬರೀತಾ ಬರೀತಾ ಒಂದು ಕಡೆ ನಿಂತೆ. ಎಫ್‌ಐಆರ್ ತಡ ಆಗಿದ್ದು ಯಾಕೆ ಅಂತ ಕೋರ್ಟು ಕೇಳೇ ಕೇಳುತ್ತೆ, ಕಾರಣ ಬರೀಲೇಬೇಕು. ಸಾಹೇಬ್ರ ಮುಖ ನೋಡ್ದೆ. ಅವ್ರು ಫ್ಯಾನ್ ಕಡೆ ನೋಡ್ತಿದ್ರು. ಆಮೇಲೆ ನಾನು ಬರೆದೆ, ನೂರಾರು ಕಂಪ್ಲೇಂಟಲ್ಲಿ ಬರೆದಿರೋ ಸಾಲು, ಕಣ್ಮುಚ್ಕೊಂಡು ಬರೆಯೋ ಸಾಲು: 'ನನ್ನ ಗಂಡನನ್ನು ನಮ್ಮ ಸಂಬಂಧಿಕರ ಮನೆಗಳಲ್ಲಿ ಹಾಗೂ ಎಲ್ಲಾ ಕಡೆ ಹುಡುಕಾಡಿ, ಈ ದಿನ ತಡವಾಗಿ ಠಾಣೆಗೆ ಬಂದು ದೂರು ನೀಡಿರುತ್ತೇನೆ.'

ಓದಿ ಹೇಳ್ಬೇಕು ಅಂತ ನಿಯಮ. ಓದಿ ಹೇಳ್ದೆ, ತೆಲುಗಲ್ಲಿ, ಆ ಸಾಲೊಂದನ್ನ ಬಿಟ್ಟು. ಅವ್ಳು ಹೆಬ್ಬೆಟ್ಟು ಒತ್ತಿದ್ಲು. ದೂರುದಾರ್ರಿಗೆ ಎಫ್‌ಐಆರ್ ಕಾಪಿ ಫ್ರೀಯಾಗಿ ಕೊಡ್ಬೇಕು, ಕೊಟ್ಟೆ. ಅದನ್ನ ನಾಲ್ಕು ಮಡಿಕೆ ಮಾಡಿ ರೇಷನ್ ಕಾರ್ಡಿರೋ ಪ್ಲಾಸ್ಟಿಕ್ ಕವರೊಳಗೆ ಇಟ್ಕೊಂಡ್ಲು, ಹುಷಾರಾಗಿ, ಮೂಲೆ ಮಡಚ್ದಂಗೆ.

ಕೇಸಲ್ಲಿ ಇಬ್ಬರು ಸಿಕ್ಕಿದ್ರು, ವಿಚಾರಣೆ ನಡೀತು, ಡಿಫೆನ್ಸ್ ವಕೀಲ್ರು ಹಿಡಿದಿದ್ದೇ ಆ ತಡಾನ. ಗಂಡ ಕಾಣೆಯಾಗಿ ಐದು ದಿನ ಹೆಂಡ್ತಿ ಸುಮ್ನಿದ್ಲು ಅಂದ್ರೆ ಇದು ಆಮೇಲೆ ಕಟ್ಟಿದ ಕಥೆ ಅಂತ ವಾದ. ಅವ್ಳು ಸಾಕ್ಷಿ ಕಟ್ಟೇಲಿ ನಿಂತು, ನಾನು ಮುಂಚೇನೇ ಬಂದಿದ್ದೆ ಸಾಮೀ ಅಂದ್ಲು. ಹಂಗಂತ ದೂರಲ್ಲಿ ಇಲ್ವಲ್ಲಮ್ಮ ಅಂದ್ರು. ನಾನು ಆವತ್ತು ಕೋರ್ಟ್ ಹಾಲ್ ಹೊರಗೇ ಇದ್ದೆ, ಬೇರೆ ಕೇಸಿಗೆ ಹೋಗಿದ್ದು. ಒಳಗೆ ಹೋಗ್ಲಿಲ್ಲ.

ಪ್ರಶ್ನೆ: ಕೊನೆ ಪ್ರಶ್ನೆ ಸಾರ್, ತಪ್ಪು ಮಾಡಿದ ಪೊಲೀಸ್ ಆಫೀಸರಿಗೆ ಕ್ಲೈಮ್ಯಾಕ್ಸಲ್ಲಿ ಏನಾಗ್ಬೇಕು? ಸಾಯ್ಬೇಕಾ, ಜೈಲಾ, ಸಸ್ಪೆಂಡಾ?
– ಓದುಗ, ಶ್ರೀನಿವಾಸಪುರ

ಉತ್ತರ: ಸಾಯಿಸಿದ್ರೆ ಅವನು ಹೀರೋ ಆಗ್ಬಿಡ್ತಾನೆ, ಬೇಡ. ಸಸ್ಪೆಂಡ್ ಮಾಡ್ಬೋದು, ಶುರೂಲಿ ಜೀವನಾಂಶ ಭತ್ಯೆ ಅಂತ ಹೆಚ್ಚುಕಮ್ಮಿ ಅರ್ಧ ಸಂಬ್ಳ ಬರುತ್ತೆ, ಡಿಇ ಅಂದ್ರೆ ಇಲಾಖಾ ವಿಚಾರಣೆ ನಡೆಯುತ್ತೆ, ವರ್ಷಗಟ್ಲೆ ಎಳೆಯುತ್ತೆ, ಅದೂ ಒಂದು ಕಥೆಯೇ. ಆದ್ರೆ ನಾನು ಕಂಡಂಗೆ ಹೆಚ್ಚಿನೋರಿಗೆ ಏನೂ ಆಗಲ್ಲ. ರಿಟೈರ್ ಆಗೋ ದಿನ ಠಾಣೆ ಮುಂದೆ ಶಾಮಿಯಾನ ಹಾಕಿ, ಖುರ್ಚಿ ಹಾಕಿ ಕೂರಿಸ್ತಾರೆ, ಶಾಲು, ಗಂಧದ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಸಾಹೇಬ್ರು 'ಇವರ ಬರವಣಿಗೆ ಅಂದ್ರೆ ಕೋರ್ಟಲ್ಲಿ ಒಂದಕ್ಷರ ತಪ್ಪು ಹುಡುಕೋಕೆ ಆಗ್ತಿರ್ಲಿಲ್ಲ' ಅಂತ ಭಾಷಣ ಮಾಡ್ತಾರೆ, ಎಲ್ರೂ ಚಪ್ಪಾಳೆ. ನನಗೂ ಹಂಗೇ ಮಾಡಿದ್ರು. ಪೇಟ ಇನ್ನೂ ಬೀರು ಮೇಲಿದೆ, ಮೊಮ್ಮಗ ಆಗಾಗ ಇಳಿಸ್ಕೊಡು ತಾತ ಅಂತ ಕೇಳ್ತಾನೆ, ಹಬ್ಬಕ್ಕೆ ಕೊಡ್ತೀನಿ ಇರಪ್ಪ ಅಂತ ಮುಂದಕ್ಕಾಕ್ತಿದೀನಿ.